ಗಾಜು ಹೋದ್ರೆ ಜೆ.ಸಿ. ರೋಡಲ್ಲಿ ಸಿಗುತ್ತೆ

ಕಾರಿನ ಕೀ ಒಳಗೇ ಉಳಿದು ಬಾಗಿಲು ಲಾಕ್ ಆದಾಗ ನಾವು ಬೆಂಗಳೂರಿನವರು ಮಾಡೋದೆಲ್ಲಾ ಉಲ್ಟಾ. ಕಾರು ಖಾಲಿ ಇದ್ದರೆ ಎದೆ ಬಡ್ಕೋತೀವಿ. ಒಳಗೆ ಮಗು ಇದ್ದರೆ "ತಡೀರಿ, ಮನೆಯಿಂದ ಇನ್ನೊಂದು ಕೀ ಬರ್ತಾ ಇದೆ" ಅಂತೀವಿ. ತಾಳ್ಮೆ ಬೇಕಾದ ಕಡೆ ಗಾಬರಿ, ಗಾಬರಿ ಆಗಬೇಕಾದ ಕಡೆ ತಾಳ್ಮೆ. ನನ್ನ ತಕರಾರು ಇಷ್ಟೇ.

ಮೊದಲು ಖಾಲಿ ಕಾರಿನ ವಿಷಯ ಮುಗಿಸಿಬಿಡೋಣ. ಗಾಂಧಿ ಬಜಾರಿಗೆ ಹೂವು, ಹಣ್ಣು ತರೋಕೆ ಬಂದು, ಅಲ್ಲಿ ಜಾಗ ಸಿಗದೆ ಶಂಕರಪುರಂನ ಯಾವುದೋ ಅಡ್ಡರಸ್ತೆಯಲ್ಲಿ ಗಾಡಿ ನಿಲ್ಲಿಸಿದಿರಿ. ಕೀ ಒಳಗೆ, ನೀವು ಹೊರಗೆ. ಆಕಾಶ ಕಳಚಿ ಬಿದ್ದಿಲ್ಲ ಸ್ವಾಮಿ. ನಾಲ್ಕೂ ಬಾಗಿಲು, ಡಿಕ್ಕಿ ಒಂದ್ಸಲ ಎಳೆದು ನೋಡಿ. ಮನೆಯಲ್ಲಿ ಎರಡನೇ ಕೀ ಇದ್ದರೆ ತರಿಸಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿದೆಯಾ ನೋಡಿ, ಸೇರಿದ್ದರೆ ಫೋನ್ ಮಾಡಿ. ಇಲ್ಲವಾದರೆ ಡೂಪ್ಲಿಕೇಟ್ ಕೀ ಮಾಡೋರನ್ನ ಕರೆಸಿ. ಅಷ್ಟು ಹೊತ್ತು ಪಕ್ಕದ ದರ್ಶಿನಿಯಲ್ಲಿ ಕಾಫಿ ಕುಡೀರಿ.

ಆದರೆ ನಾವು ಹಾಗೆ ಮಾಡಲ್ಲ. ಯಾರೋ ಸ್ಟೀಲ್ ಸ್ಕೇಲ್ ತರ್ತಾರೆ, ಇನ್ಯಾರೋ ಬಟ್ಟೆ ಹ್ಯಾಂಗರ್ ಬಿಚ್ಚಿ ಕೊಕ್ಕೆ ಮಾಡ್ತಾರೆ. ಹಳೇ ಕಾರುಗಳಿಗೆ ಅದು ನಡೀತಿತ್ತು. ಈಗಿನ ಬಾಗಿಲೊಳಗೆ ಪವರ್ ವಿಂಡೋ ವೈರು, ಮೋಟರು ಎಲ್ಲಾ ಇರುತ್ತೆ. ಬಾಗಿಲು ತೆಗೆಯೋ ಬದಲು ಬೀಡಿಂಗ್ ರಬ್ಬರ್ ಹರಿದು, ವೈರ್ ಕಿತ್ತು ಬರುತ್ತೆ.

ಇನ್ನು ವಾಟ್ಸಾಪ್ ವಿದ್ಯೆಗಳು. ಮನೆಯಲ್ಲಿರೋ ರಿಮೋಟನ್ನು ಫೋನಿನ ಹತ್ತಿರ ಒತ್ತಿದರೆ, ಇಲ್ಲಿ ನಿಮ್ಮ ಫೋನಿಂದ ಕಾರು ತೆಗೆಯುತ್ತಂತೆ. ರಿಮೋಟ್ ಕಳಿಸೋದು ರೇಡಿಯೋ ತರಂಗ, ಫೋನ್ ಕರೆ ಸಾಗಿಸೋದು ಶಬ್ದ. ಆಗೋ ಮಾತಲ್ಲ. ಟೆನ್ನಿಸ್ ಬಾಲಿಗೆ ತೂತು ಮಾಡಿ ಕೀ ರಂಧ್ರಕ್ಕೆ ಒತ್ತೋದೂ ಅಷ್ಟೇ ಸುಳ್ಳು. ಸೀಟಿನ ಹೆಡ್‌ರೆಸ್ಟ್ ಕಿತ್ತು ಅದರ ರಾಡಿನಿಂದ ಗಾಜು ಒಡೀಬಹುದು ಅಂತ ಇನ್ನೊಂದು. ಹೆಡ್‌ರೆಸ್ಟ್ ಇರೋದು ಕಾರಿನ ಒಳಗೆ, ನೀವಿರೋದು ಹೊರಗೆ! ಇದನ್ನ ನನಗೆ ಫಾರ್ವರ್ಡ್ ಮಾಡಿದವರಲ್ಲಿ ಬಿ.ಇ. ಓದಿದವರೇ ಜಾಸ್ತಿ.

ಈಗ ಅಸಲಿ ವಿಷಯ. ಒಳಗೆ ಮಗು ಇದೆ.

ಇದು ಆಗೋ ರೀತಿ ಬಹಳ ಸುಲಭ. ಅಳೋ ಮಗುವಿಗೆ ಆಟಕ್ಕೆ ಅಂತ ಕೀ ಕೊಡ್ತೀವಿ, ಅದು ಲಾಕ್ ಬಟನ್ ಒತ್ತುತ್ತೆ. ಇಲ್ಲಾ "ಐದೇ ನಿಮಿಷ, ಕೈ ಮುಗಿದು ಬಂದುಬಿಡ್ತೀವಿ" ಅಂತ ಮಲಗಿದ ಮಗುವನ್ನು ಸೀಟಿನಲ್ಲೇ ಬಿಟ್ಟು ಹೋಗ್ತೀವಿ. ಶಂಕರಪುರಂನಲ್ಲಿ ಮಠ, ದೇವಸ್ಥಾನ, ಕಲ್ಯಾಣ ಮಂಟಪಕ್ಕೇನು ಬರವಾ? ದೇವರ ಮುಂದೆ ಕ್ಯೂ ಇದ್ದರೆ ಐದು ನಿಮಿಷ ಇಪ್ಪತ್ತಾಗುತ್ತೆ.

ಒಮ್ಮೆ ಇಲ್ಲೇ ಒಂದು ಮದುವೆ ಮನೆ ಮುಂದೆ ನೋಡಿದೆ. ಕಾರಿನೊಳಗೆ ಎರಡು ವರ್ಷದ ಕೂಸು, ಕೈಯಲ್ಲಿ ಕೀ, ಬೆವರಿ ಅಳ್ತಿದೆ. ಸುತ್ತ ಇಪ್ಪತ್ತು ಜನ. ಅರ್ಧ ಜನ ವಿಡಿಯೋ ಮಾಡ್ತಿದ್ದಾರೆ, ಇನ್ನರ್ಧ ಜನ "ಬಟನ್ ಒತ್ತು ಪುಟ್ಟಾ" ಅಂತ ಗಾಜು ಬಡೀತಿದ್ದಾರೆ. ಜೆ.ಪಿ. ನಗರದಿಂದ ಕೀ ಹಿಡ್ಕೊಂಡು ಹೊರಟವರು ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿದ್ದಾರೆ. ಒಬ್ಬ ಆಟೋದವರು "ಒಡೆದುಬಿಡ್ಲಾ ಸಾರ್?" ಅಂದರೆ ಹುಡುಗನ ಮಾವನೋ ಚಿಕ್ಕಪ್ಪನೋ ಅನ್ನಬೇಕೇ, "ಅಯ್ಯೋ, ಹೊಸ ಗಾಡಿ!" ಅಂತ. ಕೂಸಿನ ಪುಣ್ಯ, ಕೈಯಾಡಿಸುವಾಗ ಸರಿಯಾದ ಬಟನ್ ಒತ್ತಿಬಿಡ್ತು. ಎಲ್ಲರೂ ನಕ್ಕು ಊಟಕ್ಕೆ ಹೋದರು. ನನಗೆ ನಗು ಬರಲಿಲ್ಲ.

ಯಾಕೆ ಅಂತ ಲೆಕ್ಕ ಕೇಳಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ಬಿಸಿಲಲ್ಲಿ ನಿಂತ ಕಾರುಗಳ ಶಾಖ ಅಳೆದು 2005ರಲ್ಲಿ ಪ್ರಕಟಿಸಿದರು. ಹೊರಗೆ ಬರೀ 22 ಡಿಗ್ರಿ ಇದ್ದ ದಿನವೂ ಒಂದು ಗಂಟೆಯಲ್ಲಿ ಕಾರಿನ ಒಳಗೆ 47 ಡಿಗ್ರಿ ಮುಟ್ಟಿತ್ತು. ಶಾಖ ಏರೋದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗಿತ್ತು. ಕಿಟಕಿ ಒಂಚೂರು ಇಳಿಸಿಟ್ಟರೂ ಹೆಚ್ಚೇನೂ ಉಪಯೋಗ ಇರಲಿಲ್ಲ. 22 ಡಿಗ್ರಿ ಅಂದ್ರೆ ನಾವು "ಏನ್ ಕೂಲ್ ಆಗಿದೆ ಗುರು ಬೆಂಗಳೂರು" ಅನ್ನೋ ಹವಾ! ಮಕ್ಕಳ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತೆ.

2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪುಡಿಯಲ್ಲಿ ಆಟವಾಡುತ್ತಾ ನಿಂತಿದ್ದ ಕಾರಿನೊಳಗೆ ಹೋದ ನಾಲ್ಕು ಮಕ್ಕಳು, ಬಾಗಿಲು ಲಾಕ್ ಆಗಿ ಪ್ರಾಣ ಬಿಟ್ಟವು. ಅಲ್ಲಿ ಯಾರೂ ನೋಡಿರಲಿಲ್ಲ. ಇಲ್ಲಿ ಇಪ್ಪತ್ತು ಜನ ನಿಂತು ನೋಡ್ತಿದ್ದೆವು.

ಹಾಗಾದ್ರೆ ಏನು ಮಾಡಬೇಕು? ಒಬ್ಬರು 112ಕ್ಕೆ ಫೋನ್ ಮಾಡಲಿ. ಮಗು ಮಾತು ಕೇಳೋ ವಯಸ್ಸಿನದಾದರೆ ಒಳಗಿನ ಹಿಡಿ ಎಳೆಯೋಕೆ ಹೇಳಿ, ಒಂದು ನಿಮಿಷ ಕೊಡಿ. ಆಗಲಿಲ್ಲವಾ, ಇಲ್ಲಾ ಮಗು ಸುಸ್ತಾಗಿ ಕಾಣ್ತಿದೆಯಾ, ಒಡೀರಿ. ಮುಂದಿನ ದೊಡ್ಡ ಗಾಜಿಗೆ ಕೈ ಹಾಕಬೇಡಿ. ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇರೋದು, ಬಿರುಕು ಬಿಡುತ್ತೆ, ದಾರಿ ಬಿಡಲ್ಲ. ಸಾಮಾನ್ಯ ಕಾರುಗಳಲ್ಲಿ ಪಕ್ಕದ ಕಿಟಕಿ ಪುಡಿಪುಡಿಯಾಗೋ ಗಾಜು. ಮಗುವಿನಿಂದ ಅತಿ ದೂರದ ಕಿಟಕಿ ಆರಿಸಿ. ಮಧ್ಯಕ್ಕಲ್ಲ, ಮೂಲೆಗೆ ಹೊಡೀರಿ. ಚೂಪು ತುದಿಯ ಕಲ್ಲು, ಪಕ್ಕದ ಕಾರಿನ ವೀಲ್ ಸ್ಪ್ಯಾನರ್, ಏನಾದರೂ ಸರಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಮುಖ ಆಚೆ ತಿರುಗಿಸಿ. ಮಗುವನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ, ಗಾಳಿ ಬೀಸಿ. ಮಂಕಾಗಿದ್ದರೆ 108ಕ್ಕೆ ಕರೆ ಮಾಡಿ.

"ನಾನು ಒಡೆದರೆ ಓನರ್ ಕೇಸ್ ಹಾಕಿದರೆ?" ಅನ್ನೋದು ಎಲ್ಲರ ಪ್ರಶ್ನೆ. ನಮ್ಮೂರಲ್ಲಿ ಒಂದು ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಪಕ್ಕದ ಬಣವೆಯನ್ನು ಕಿತ್ತು ಚೆಲ್ಲಾಡ್ತಾರೆ. ಅದು ಯಾರದ್ದು, ಅವರ ಒಪ್ಪಿಗೆ ಇದೆಯಾ ಅಂತ ಯಾರೂ ಕೇಳಲ್ಲ. ಊರು ಉಳಿದ ಮೇಲೆ ಪಂಚಾಯ್ತಿ. ಇದು ಹಳ್ಳಿ ಗಮಾರರ ಬುದ್ಧಿ ಅನ್ನಿಸಿದರೆ ಕಾನೂನು ಪುಸ್ತಕ ತೆಗೀರಿ. ಭಾರತೀಯ ನ್ಯಾಯ ಸಂಹಿತೆಯ 19ನೇ ಸೆಕ್ಷನ್, ಹಿಂದಿನ ಐಪಿಸಿಯ 81, ಇದನ್ನೇ ಹೇಳುತ್ತೆ. ದುರುದ್ದೇಶ ಇಲ್ಲದೆ, ಒಳ್ಳೆ ನಂಬಿಕೆಯಿಂದ, ಜೀವಕ್ಕೋ ಆಸ್ತಿಗೋ ಬರೋ ದೊಡ್ಡ ಹಾನಿ ತಪ್ಪಿಸೋಕೆ ಮಾಡಿದ ಹಾನಿ ಅಪರಾಧ ಅಲ್ಲ. ಅಲ್ಲಿ ಕೊಟ್ಟಿರೋ ಉದಾಹರಣೆಗಳಲ್ಲಿ ಒಂದು ಏನು ಗೊತ್ತಾ? ದೊಡ್ಡ ಬೆಂಕಿ ಹಬ್ಬದಂತೆ ತಡೆಯೋಕೆ ಮನೆಗಳನ್ನು ಕೆಡವಿದವನು! ನಮ್ಮೂರಿನ ಬಣವೆ ನ್ಯಾಯ 1860ರಲ್ಲೇ ಕಾನೂನಾಗಿದೆ.

ಇಷ್ಟಕ್ಕೂ ಹೋಗೋದು ಏನು? ಒಂದು ಕಿಟಕಿ ಗಾಜು. ಶಂಕರಪುರಂನಿಂದ ಮಿನರ್ವ ಸರ್ಕಲ್ ದಾಟಿದರೆ ಜೆ.ಸಿ. ರೋಡು. ಅಲ್ಲಿ ಕಾರಿನ ಯಾವ ಭಾಗ ಬೇಕಾದರೂ ಸಿಗುತ್ತೆ. ಚೌಕಾಸಿ ಮಾಡಿ ತನ್ನಿ, ಇ.ಎಂ.ಐ. ಜೊತೆ ಅದೂ ತೀರುತ್ತೆ.

ಅದಕ್ಕೇ ಎರಡೇ ಮಾತು. ಮಕ್ಕಳ ಕೈಗೆ ಕೀ ಕೊಡಬೇಡಿ, ಮಕ್ಕಳನ್ನು ಕಾರಲ್ಲಿ ಬಿಟ್ಟು ಐದು ನಿಮಿಷಕ್ಕೂ ಇಳೀಬೇಡಿ. ಆಮೇಲೂ ಲಾಕ್ ಆದ ಕಾರಲ್ಲಿ ಮಗು ಕಂಡರೆ, ಅದು ಯಾರ ಕಾರೇ ಆಗಲಿ, ಕೀ ಹುಡುಕಬೇಡಿ. ಕಲ್ಲು ಹುಡುಕಿ.