ಎರಡು ಹಾದಿಗೆ ಒಂದೇ ಬೈಸಿಕಲ್ಲು

ಎರಡು ದೋಣಿಗಳಲ್ಲಿ ಕಾಲಿಡಬಾರದೆಂಬುದು ಹಿರಿಯರ ಮಾತು. ಡಾಂಬರು ರಸ್ತೆಯಲ್ಲಿಯೂ ಕಲ್ಲುಮಣ್ಣಿನ ಹಾದಿಯಲ್ಲಿಯೂ ಒಂದೇ ಬೈಸಿಕಲ್ಲನ್ನು ನಡೆಸಬೇಕೆನ್ನುವ ವಿದ್ಯಾರ್ಥಿಯು ಈ ಮಾತನ್ನು ಮೀರಲೇಬೇಕಾಗಿದೆ. ಏಕೆಂದರೆ ಎರಡು ಬೈಸಿಕಲ್ಲುಗಳನ್ನು ಕೊಳ್ಳುವ ಅನುಕೂಲ ಬಹುಮಂದಿಗಿಲ್ಲ. ಅಂಥವನು ‘ಮೌಂಟನ್ ಬೈಕ್’ ಎಂಬ ಬೆಟ್ಟದ ಬೈಸಿಕಲ್ಲಿನ ಕಡೆಗೆ ತಿರುಗುವುದು ಸಹಜ. ಆದರೆ ಅಂಗಡಿಯಲ್ಲಿ ಮೊದಲು ಕಣ್ಣು ಸೆಳೆಯುವ ಭಾಗಗಳೇ ಕೊನೆಗೆ ಹೊರೆಯಾಗುವುವೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಆಧಾರವು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಇದೆ.

ಈ ವಾಹನವು ರೂಪುಗೊಂಡುದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರಿನ್ ಕೌಂಟಿಯಲ್ಲಿ. 1970ರ ದಶಕದಲ್ಲಿ ಅಲ್ಲಿಯ ತರುಣರು ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳನ್ನು ಗುಡ್ಡಕ್ಕೊಯ್ದು ಮಣ್ಣುಹಾದಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಇಳಿಜಾರಿನ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಇಳಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕು ಕಾದು ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಅದನ್ನು ಮತ್ತೆ ತುಂಬಬೇಕಾಗಿದ್ದುದೇ ಆ ಹೆಸರಿಗೆ ಕಾರಣ. 1977ರಲ್ಲಿ ಜೋ ಬ್ರೀಜ್ ಎಂಬವರು ಇಂಥ ಸವಾರಿಗೆಂದೇ ಬೈಸಿಕಲ್ಲೊಂದನ್ನು ನಿರ್ಮಿಸಿದರು. 1981ರಲ್ಲಿ ‘ಸ್ಟಂಪ್‌ಜಂಪರ್’ ಎಂಬುದು ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದಿತು. ಇವೆರಡರಲ್ಲಿಯೂ ಸ್ಪ್ರಿಂಗುಗಳಿರಲಿಲ್ಲ. ದಪ್ಪ ಟೈರು, ತಕ್ಕ ಗೇರು, ನಂಬಿಕೆಯ ಬ್ರೇಕು, ಇವೇ ಅವುಗಳ ಬಂಡವಾಳ.

ಮೊದಲು ಟೈರನ್ನು ವಿಚಾರಿಸೋಣ. ಸವಾರ, ಬೈಸಿಕಲ್ಲು, ಪುಸ್ತಕದ ಚೀಲ ಎಲ್ಲ ಸೇರಿ 78 ಕಿಲೋಗ್ರಾಂ ಭಾರವೆನ್ನೋಣ. ಟೈರಿನಲ್ಲಿ ಚದರ ಸೆಂಟಿಮೀಟರಿಗೆ 3 ಕಿಲೋಗ್ರಾಂ ಒತ್ತಡವಿದ್ದರೆ, ಎರಡು ಟೈರುಗಳೂ ಕೂಡಿ ನೆಲವನ್ನು ಮುಟ್ಟುವ ವಿಸ್ತೀರ್ಣ ಸುಮಾರು 26 ಚದರ ಸೆಂಟಿಮೀಟರು. ಒತ್ತಡವನ್ನು 2ಕ್ಕೆ ಇಳಿಸಿದರೆ ಅದು 39 ಆಗುತ್ತದೆ. ನುಣುಪಾದ ರಸ್ತೆಯಲ್ಲಿ ಟೈರು ಕಡಿಮೆ ಬಾಗಿದಷ್ಟೂ ಶಕ್ತಿಯ ನಷ್ಟ ಕಡಿಮೆ. ಕಲ್ಲಿನ ಹಾದಿಯಲ್ಲಾದರೋ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸವಾರನನ್ನು ಮೇಲಕ್ಕೆತ್ತಿ ಕುಕ್ಕುತ್ತದೆ. ಮೆತ್ತನೆಯ ಟೈರು ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಸಾಗುತ್ತದೆ. ಆದುದರಿಂದ ಎರಡು ಹಾದಿಗೂ ಹೊಂದಿಸುವ ಅತ್ಯಂತ ಅಗ್ಗದ ಉಪಕರಣವೆಂದರೆ ಒತ್ತಡಮಾಪಕವುಳ್ಳ ಪಂಪು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಮಿತಿಯನ್ನು ಮಾತ್ರ ಮೀರಲಾಗದು. ಎತ್ತರದ ಗುಬ್ಬಿಗಳಿರುವ ಟೈರು ಕೆಸರಿಗೆ ಯೋಗ್ಯ; ಡಾಂಬರಿನಲ್ಲಿ ಆ ಗುಬ್ಬಿಗಳು ಬಾಗಿ ಬಾಗಿ ಶಕ್ತಿಯನ್ನು ತಿನ್ನುತ್ತವೆ. ನಡುವೆ ಒತ್ತಾದ ತಗ್ಗು ಗುಬ್ಬಿಗಳೂ ಅಂಚಿನಲ್ಲಿ ದೊಡ್ಡ ಗುಬ್ಬಿಗಳೂ ಇರುವ, ಸುಮಾರು 2 ಅಂಗುಲ ಅಗಲದ ಟೈರೇ ಮಧ್ಯಮಮಾರ್ಗ.

ಇನ್ನು ಸ್ಪ್ರಿಂಗಿನ ಮಾತು. ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗುಳ್ಳ ಬೈಸಿಕಲ್ಲು ನೋಟಕ್ಕೆ ಗಂಭೀರ. ಆದರೆ ಅಗ್ಗದ ಮಾದರಿಗಳಲ್ಲಿ ಹಿಂದಿನ ಸ್ಪ್ರಿಂಗು ಪ್ರತಿ ತುಳಿತಕ್ಕೂ ಕುಗ್ಗಿ ಹಿಗ್ಗುತ್ತ, ಚಕ್ರಕ್ಕೆ ಸೇರಬೇಕಾದ ಶಕ್ತಿಯಲ್ಲಿ ಪಾಲು ಪಡೆಯುತ್ತದೆ, ತೂಕವನ್ನೂ ಹೆಚ್ಚಿಸುತ್ತದೆ. ಕಡಿದಾದ ಬಂಡೆಹಾದಿಯಲ್ಲಿಯೇ ಸದಾ ಸವಾರಿ ಮಾಡುವವನಿಗೆ ಒಳ್ಳೆಯ ಹಿಂಸ್ಪ್ರಿಂಗು ಸಾರ್ಥಕವೆಂಬುದನ್ನು ಒಪ್ಪುತ್ತೇನೆ. ವಾರಕ್ಕೈದು ದಿನ ಕಾಲೇಜಿಗೆ ಹೋಗಿ, ರಜೆಯಲ್ಲಿ ಗುಡ್ಡಕ್ಕೆ ಹೋಗುವವನಿಗೆ ಮುಂದಿನ ಕವಲಿನಲ್ಲಿ ಮಾತ್ರ ಸ್ಪ್ರಿಂಗಿದ್ದು, ರಸ್ತೆಯಲ್ಲಿ ಅದನ್ನು ಬಿಗಿಮಾಡುವ ಸೌಕರ್ಯವಿದ್ದರೆ ಸಾಕು.

ಗೇರುಗಳ ವಿಷಯದಲ್ಲಿ ಸಂಖ್ಯೆಗಿಂತ ವ್ಯಾಪ್ತಿ ಮುಖ್ಯ. ಮುಂದೆ 32 ಹಲ್ಲು, ಹಿಂದೆ 11ರಿಂದ 51 ಹಲ್ಲುಗಳವರೆಗಿನ ಚಕ್ರಗಳು, 2.3 ಮೀಟರು ಸುತ್ತಳತೆಯ ಗಾಲಿ ಇರುವ ಬೈಸಿಕಲ್ಲು ಅತಿ ಕೆಳಗಿನ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 1.4 ಮೀಟರು, ಅತಿ ಮೇಲಿನದರಲ್ಲಿ ಸುಮಾರು 6.7 ಮೀಟರು ಸಾಗುತ್ತದೆ. ಮೊದಲನೆಯದು ಏರಿಗೆ, ಎರಡನೆಯದು ಬಯಲು ರಸ್ತೆಗೆ. ಒಂದೇ ಮುಂಚಕ್ರದಿಂದ ಇಷ್ಟು ಸಾಧ್ಯವಿರುವಾಗ ‘21 ಗೇರು’ ಎಂಬ ಚೀಟಿಗೆ ಮರುಳಾಗಬೇಕಿಲ್ಲ.

ಉಳಿತಾಯ ಮಾಡಬಾರದುದು ಬ್ರೇಕಿನಲ್ಲಿ. ಮೇಲಿನ 78 ಕಿಲೋಗ್ರಾಂ ಭಾರವು 100 ಮೀಟರು ಎತ್ತರದಿಂದ ಇಳಿದರೆ ಸುಮಾರು 76,000 ಜೂಲ್ ಶಕ್ತಿಯನ್ನು ಕಳೆಯಬೇಕಾಗುತ್ತದೆ. ಕಾಲು ಲೀಟರು ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಲು ಇಷ್ಟು ಸಾಕು! ಮೆಲ್ಲನೆ ಇಳಿಯುವವನ ಬ್ರೇಕುಗಳೇ ಇದರ ಬಹುಭಾಗವನ್ನು ತಾಳಿಕೊಳ್ಳಬೇಕು. ಗಾಲಿಯ ಅಂಚನ್ನು ಹಿಡಿಯುವ ಬ್ರೇಕು ನೀರು ಕೆಸರುಗಳಿಂದ ಹಿಡಿತ ಕಳೆದುಕೊಳ್ಳುತ್ತದೆ. ಗಾಲಿಯ ನಡುವಿನ ಡಿಸ್ಕ್ ಬ್ರೇಕು ನೆಲದಿಂದ ದೂರವಿರುವುದರಿಂದ ಮಲೆನಾಡಿನ ಮಳೆಯಲ್ಲಿ ಹೆಚ್ಚು ವಿಶ್ವಾಸಾರ್ಹ.

ಕಡೆಯದಾಗಿ, ಬೈಸಿಕಲ್ಲು ಮೈಗೆ ಒಪ್ಪಬೇಕು. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಬಾಗಿರಲಿ. ಇಳಿದು ನಿಂತಾಗ ಫ್ರೇಮಿನ ಮೇಲಿನ ಕೊಳವೆ ಮೈಗೆ ತಗಲದಿರಲಿ.

ಇಷ್ಟೆಲ್ಲ ಲೆಕ್ಕಾಚಾರ ಬೈಸಿಕಲ್ಲಿಗೇಕೆ ಎನ್ನುವವರಿರಬಹುದು. ತಂದೆತಾಯಿಯರು ಕೂಡಿಟ್ಟ ಹಣದಿಂದ ಬಂದ ವಾಹನವು ಭಾರವೆಂಬ ಕಾರಣಕ್ಕೆ ಮೂಲೆ ಸೇರಿದರೆ, ನಷ್ಟವಾಗುವುದು ಹಣವೊಂದೇ ಅಲ್ಲ. ತನ್ನ ಕಾಲಬಲದಿಂದಲೇ ಗುಡ್ಡದಾಚೆಯ ಊರನ್ನು ಕಂಡುಬರುವ ತರುಣನ ಸ್ವಾತಂತ್ರ್ಯವೂ ನಷ್ಟವಾಗುತ್ತದೆ. ತರಗತಿಯಲ್ಲಿ ಕಲಿತ ಬಲ, ಒತ್ತಡ, ಶಕ್ತಿಗಳ ನಿಯಮಗಳು ಅಂಗಡಿಯ ಹೊಸ್ತಿಲನ್ನು ದಾಟಿದಾಗಲೂ ನಮ್ಮೊಡನಿರಲಿ.