ಸೆಲ್ಫ್ ಹೊಡೆಯದಿದ್ದರೆ

“ಸೆಲ್ಫ್ ಹೊಡೀತಿಲ್ಲ” ಎನ್ನುವುದು ನಮ್ಮ ಸರಸ್ವತಿ ನಗರದ ಬೆಳಗಿನ ಎಂಟೂವರೆಯ ಮಾತು. ಶಾಲೆಗೆ, ಬ್ಯಾಂಕಿಗೆ ಹೊರಟ ಹೆಂಗಸರು ಸ್ಕೂಟರಿನ ಗುಂಡಿ ಒತ್ತಿ ಒತ್ತಿ ಸೋತು, “ರೀ, ಸ್ವಲ್ಪ ಬನ್ನಿ” ಎಂದು ಕೂಗುತ್ತಾರೆ. ಒಳಗಿನಿಂದ ಬನಿಯನ್ನಿನಲ್ಲೇ ಬಂದವರು ಎರಡು ಸಲ ಕಿಕ್ ಹೊಡೆದು ಸ್ಟಾರ್ಟ್ ಮಾಡಿಕೊಟ್ಟು, “ನಿನಗೆ ಗಾಡಿ ಇಟ್ಕೊಳ್ಳೋಕೇ ಬರಲ್ಲ” ಎಂದು ಹೇಳಿ ಒಳಗೆ ಹೋಗುತ್ತಾರೆ. ನನ್ನ ತಕರಾರು ಆ ಮಾತಿನ ಮೇಲೆ. ಸೆಲ್ಫ್ ಏಕೆ ಹೊಡೆಯಲಿಲ್ಲ ಎಂಬುದು ಅವರಿಗೂ ಗೊತ್ತಿರುವುದಿಲ್ಲ.

ನಾನು ಬಿ.ಎ., ಬಿ.ಎಡ್., ಸಮಾಜ ವಿಜ್ಞಾನ ಹೇಳುವವಳು. ಹಾಗಾದರೆ ಇತಿಹಾಸವನ್ನೇ ಹೇಳುತ್ತೇನೆ. ಕಾರಿನ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ಕಾಲದಲ್ಲಿ ಅದು ಹಿಂದಕ್ಕೆ ಒದ್ದು ಗಂಡಸರ ಕೈಯೇ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಗಂಡಸರ ಕೈ ಉಳಿಸಿದ ಸಾಧನವನ್ನು ಹೆಂಗಸರ ಅನುಕೂಲವೆಂದು ಮಾರಿದರು! ನಮ್ಮಲ್ಲೂ 1980ರ ದಶಕದ ಕೈನೆಟಿಕ್ ಹೋಂಡಾ ಗುಂಡಿ ಒತ್ತಿದರೆ ಹೊರಡುತ್ತದೆಂದು ‘ಲೇಡೀಸ್ ಗಾಡಿ’ ಅನ್ನಿಸಿಕೊಂಡಿತು. ಈಗ ಗಂಡಸರ ಎಷ್ಟೋ ಬೈಕುಗಳಿಗೆ ಕಿಕ್ಕರೇ ಇಲ್ಲ. ಅವನ್ನು ಯಾರೂ ಹಾಗೆ ಕರೆಯುವುದಿಲ್ಲ.

ಈಗ ಗಾಡಿಯ ಹತ್ತಿರ ಬನ್ನಿ. ಕಿಕ್ ಹೊಡೆದರೆ ಎಂಜಿನ್ ಶುರುವಾಯಿತೋ? ಹಾಗಿದ್ದರೆ ಪೆಟ್ರೋಲು, ಪ್ಲಗ್ ಸರಿಯಿವೆ. ತೊಂದರೆ ವಿದ್ಯುತ್ತಿನ ಕಡೆ. ಗುಂಡಿ ಒತ್ತಿದಾಗ ಸದ್ದೇ ಇಲ್ಲವಾದರೆ ಮೊದಲು ಬ್ರೇಕ್ ಹಿಡಿದು ಹಿಂದಿನ ದೀಪ ನೋಡಿ. ಬ್ರೇಕ್ ಹಿಡಿಯದೆ ಸೆಲ್ಫ್ ಹೊಡೆಯದಂತೆ ಹೆಚ್ಚಿನ ಸ್ಕೂಟರುಗಳನ್ನು ಮಾಡಿರುತ್ತಾರೆ. ಎರಡು ಬ್ರೇಕಿಗೂ ದೀಪ ಹತ್ತದಿದ್ದರೆ ಬಲ್ಬು, ಫ್ಯೂಸು ನೋಡಿ. ಒಂದಕ್ಕೆ ಹತ್ತಿ ಇನ್ನೊಂದಕ್ಕೆ ಹತ್ತದಿದ್ದರೆ ಹಿಡಿಕೆಯ ಕೆಳಗಿನ ಪುಟ್ಟ ಸ್ವಿಚ್ಚು ಕೆಟ್ಟಿದೆ. “ಟಿಕ್ ಟಿಕ್” ಎಂದು ಹಾರ್ನ್ ಕೂಡ ಕುಗ್ಗಿದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಟರ್ಮಿನಲ್ಲಿಗೆ ಉಪ್ಪಿನಂತೆ ಬಿಳಿ-ಹಸಿರು ಹಿಡಿದಿದೆ. ಹೆಡ್‌ಲೈಟ್ ನೋಡಿ ಬ್ಯಾಟರಿ ಅಳೆಯಬೇಡಿ, ಹಳೆಯ ಸ್ಕೂಟರುಗಳಲ್ಲಿ ಅದು ಎಂಜಿನ್ ಓಡುವಾಗ ಮಾತ್ರ ಉರಿಯುತ್ತದೆ. ಹಾರ್ನ್ ಜೋರಾಗಿದ್ದೂ ಟಿಕ್ ಎಂದು ನಿಂತರೆ ರಿಲೇ, ಅಥವಾ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಮೋಟಾರು ಗುರ್ರೆಂದು ತಾನೊಂದೇ ತಿರುಗಿ ಎಂಜಿನ್ ಕದಲದಿದ್ದರೆ ಅದರ ಹಲ್ಲಿನ ಜೋಡಣೆ ಹಿಡಿಯುತ್ತಿಲ್ಲ. ಅದು ಮೆಕ್ಯಾನಿಕ್ಕಿನ ಕೆಲಸ. ಏನೇ ಆಗಲಿ, ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಮೋಟಾರು ಕಾದು ಸುಡುತ್ತದೆ.

ಒಂದು ಮಲ್ಟಿಮೀಟರು ಕೆಲವೇ ನೂರು ರೂಪಾಯಿ, ಮದುವೆಗೆ ಕೊಡುವ ಸ್ಟೀಲ್ ಡಬ್ಬಿಗಿಂತ ಉಪಯೋಗದ ವಸ್ತು. ಗಾಡಿ ರಾತ್ರಿಯೆಲ್ಲ ನಿಂತಿದ್ದಾಗ ಬ್ಯಾಟರಿ 12.6 ವೋಲ್ಟ್‌ನ ಆಸುಪಾಸು ತೋರಿಸಬೇಕು. 12ಕ್ಕಿಂತ ಕಡಿಮೆಯಾದರೆ ಚಾರ್ಜಿಗೆ ಕೊಡಿ.

ಇಷ್ಟು ತಿಳಿಯದೆ ನಮ್ಮ ಪಕ್ಕದ ಬೀದಿಯ ಗೃಹಿಣಿಯೊಬ್ಬರು ಹೊಸ ಬ್ಯಾಟರಿಗೂ ಹೊಸ ಮೋಟಾರಿಗೂ ದುಡ್ಡು ತೆತ್ತರು. ಕೊನೆಗೆ ಕೆಟ್ಟಿದ್ದು ಆ ಬ್ರೇಕ್ ಸ್ವಿಚ್ಚು. “ಮೇಡಂ, ನಿಮಗೆ ಹೇಳಿದ್ರೂ ಅರ್ಥ ಆಗಲ್ಲ” ಎಂದಿದ್ದನಂತೆ ಗ್ಯಾರೇಜಿನವನು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತು ಮಾಡುತ್ತಿದ್ದ, ದಾವಣಗೆರೆಯಲ್ಲಿ 1951ರಲ್ಲೇ ಎಂಜಿನಿಯರಿಂಗ್ ಕಾಲೇಜು ತೆರೆದ ಸೀಮೆ ಇದು. ನಮ್ಮ ಹುಡುಗಿಯರು ಫ್ಲೆಮಿಂಗನ ಎಡಗೈ ನಿಯಮ ಬರೆದು ಪೂರ್ತಿ ಅಂಕ ತರುತ್ತಾರೆ. ಆ ನಿಯಮದಿಂದಲೇ ತಿರುಗುವ ಮೋಟಾರು ಅವರ ಕಾಲ ಕೆಳಗೇ ಇದೆಯೆಂದು ಹೇಳಿಕೊಡದ ನಾವು, ಮೇಷ್ಟರುಗಳು, ಗ್ಯಾರೇಜಿನವನನ್ನು ಬೈಯುವುದು ಹೇಗೆ? ನನಗೆ ಅವನಿಗಿಂತ ಹೆಚ್ಚು ಸಿಟ್ಟು ನಮ್ಮ ಸ್ಟಾಫ್ ರೂಮಿನ ಮೇಲೆ.

ರಿಪೇರಿಗೆ ಬಿಡುವಾಗ “ಏನು ನೋಡಿ ಹೇಳ್ತೀರಿ?” ಎಂದು ಕೇಳಿ, ಬಿಚ್ಚಿದ ಹಳೆಯ ಭಾಗವನ್ನು ವಾಪಸ್ ಪಡೆಯಿರಿ. ಟರ್ಮಿನಲ್ ನೀವೇ ಉಜ್ಜುವುದಾದರೆ ಕೀ ತೆಗೆದು, ಮೈನಸ್ ವೈರನ್ನು ಮೊದಲು ಬಿಚ್ಚಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿ. ಕೈಬಳೆ ತೆಗೆದಿಟ್ಟೇ ಕೂರಿ, ಲೋಹದ ಬಳೆ ಎರಡು ತುದಿಗೂ ತಾಗಿದರೆ ಕಿಡಿ ಹಾರುತ್ತದೆ.