ಹೊಟ್ಟೆ ಕೊಯ್ದರೆ ವಿಮೆ, ಸೂಜಿ ಚುಚ್ಚಿದರೆ ಸ್ವಂತ ಜೇಬು!

ದಾವಣಗೆರೆ: ಬೆಣ್ಣೆದೋಸೆಯ ಊರಿನಲ್ಲಿ ಈಗ ಬೊಜ್ಜು ಕರಗಿಸುವ ಇಂಜೆಕ್ಷನ್ನಿನದೇ ಮಾತು. ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ಸುತ್ತು ಹಾಕುವವರ ಬಾಯಲ್ಲಿ ಅದು, ಮದುವೆ ಮನೆಯ ಪಂಕ್ತಿಯಲ್ಲಿ ಅದು, ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೂ ಅದೇ. "ವಾರಕ್ಕೊಂದೇ ಸೂಜಿ ಅಂತೆ ಕಣ್ರೀ, ಹಸಿವೇ ಆಗಲ್ವಂತೆ" ಎನ್ನುವಲ್ಲಿಗೆ ಅರ್ಧ ಕತೆ ಮುಗಿಯಿತು. ಉಳಿದರ್ಧ ಶುರುವಾಗುವುದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ.

2025ರ ಕೊನೆಯ ದಿನಗಳ ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಕೌಂಟರಿನ ಮುಂದೆ ಒಬ್ಬ ನಿವೃತ್ತ ಮೇಷ್ಟ್ರು. ಕೈಯಲ್ಲಿ ಹೆಂಡತಿಯ ಹೆಸರಿನ ಚೀಟಿ. ಆಕೆಗೆ ಸಕ್ಕರೆ ಕಾಯಿಲೆ, ಮಂಡಿ ನೋವು, ಮೆಟ್ಟಿಲು ಹತ್ತಿದರೆ ಏದುಸಿರು.

"ತಿಂಗಳಿಗೆ ಎಷ್ಟಾಗ್ತದಪ್ಪಾ ಇದು?"

"ಹತ್ತು ಸಾವಿರದ ಮೇಲೆ ಹೋಗ್ತದೆ ಮೇಷ್ಟ್ರೇ. ಡೋಸ್ ಏರಿದ ಹಾಗೆ ರೇಟೂ ಏರ್ತದೆ."

"ಇನ್ಶೂರೆನ್ಸ್ ಐತಲ್ಲ, ಕಾರ್ಡ್ ತಂದೀನಿ."

"ಅದು ಇದಕ್ಕೆ ನಡಿಯಲ್ಲ ಸಾರ್. ಅಡ್ಮಿಟ್ ಆದ್ರೆ ಮಾತ್ರ."

ಮೇಷ್ಟ್ರು ಚೀಟಿ ಮಡಿಚಿ ಜೇಬಿಗಿಟ್ಟುಕೊಂಡರು. ಹದಿನೈದು ವರ್ಷ ತಪ್ಪದೆ ಕಂತು ಕಟ್ಟಿದ ಕಾರ್ಡೂ ಅದೇ ಜೇಬಿಗೆ ಹೋಯಿತು. ಹೆಸರು ಬೇಡ, ವಿಳಾಸ ಬೇಡ. ಇಂಥ ಮೇಷ್ಟ್ರು ರಾಜ್ಯದ ಯಾವ ಊರಿನಲ್ಲಾದರೂ ಸಿಕ್ಕಾರು.

ಲೆಕ್ಕ ನೋಡಿ ಸ್ವಾಮಿ

ಎಲಿ ಲಿಲ್ಲಿ ಕಂಪೆನಿಯ ಮೌಂಜಾರೊ ಭಾರತಕ್ಕೆ ಬಂದದ್ದು 2025ರ ಮಾರ್ಚಿನಲ್ಲಿ. ಆಗ 2.5 ಮಿಲಿಗ್ರಾಂ ಸೀಸೆಗೆ 3,500 ರೂಪಾಯಿ, 5 ಮಿಲಿಗ್ರಾಮಿಗೆ 4,375 ರೂಪಾಯಿ. ವಾರಕ್ಕೊಂದು ಸೀಸೆ. ಮೊದಲ ನಾಲ್ಕು ವಾರ ಸಣ್ಣ ಡೋಸು, ಆಮೇಲೆ ವರ್ಷವಿಡೀ 5 ಮಿಲಿಗ್ರಾಂ ಎಂದೇ ಹಿಡಿದರೂ ಆ ಬೆಲೆಯಲ್ಲಿ ವರ್ಷದ ಖರ್ಚು 2,24,000 ರೂಪಾಯಿ! ಡಾಕ್ಟರ ಫೀಸು, ರಕ್ತ ಪರೀಕ್ಷೆ ಬೇರೆ.

ನೋವೋ ನಾರ್ಡಿಸ್ಕ್ ಕಂಪೆನಿಯ ವೆಗೋವಿ ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ಶುರುವಿನ ಡೋಸಿಗೆ ತಿಂಗಳಿಗೆ 17,345 ರೂಪಾಯಿ, ದೊಡ್ಡ ಡೋಸಿಗೆ 26,015. ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ನವೆಂಬರಿನಲ್ಲಿ ಕಂಪೆನಿ ತಾನೇ ಬೆಲೆ ಇಳಿಸಿತು: ಶುರುವಿನ ಡೋಸು 10,850ಕ್ಕೆ, ದೊಡ್ಡದು 16,400ಕ್ಕೆ. ಐದೇ ತಿಂಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕೈಬಿಡಲು ಸಾಧ್ಯವಾದರೆ, ಮೊದಲು ಅಷ್ಟು ಹೇಳಿದ್ದು ಯಾವ ಲೆಕ್ಕದಲ್ಲಿ ಅಂತ ಕೇಳುವ ಹಕ್ಕು ಕೊಂಡವರಿಗಿದೆ.

ಆ ನವೆಂಬರಿನಲ್ಲಿ ಇಳಿದ ಬೆಲೆಯನ್ನೇ ಹಿಡಿಯಿರಿ. ತಿಂಗಳಿಗೆ ಹತ್ತು ಹದಿನೈದು ಸಾವಿರ ಅಂದರೆ ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುವವನ ಇಡೀ ಸಂಬಳ. ಮಗನ ಕಾಲೇಜು ಫೀಸು, ಮನೆ ಬಾಡಿಗೆ, ರೇಷನ್ನು, ಎಲ್ಲವೂ ಅದರಲ್ಲೇ. ಅವನಿಗೆ ಬೊಜ್ಜಿದ್ದರೆ ಅವನೇನು ಮಾಡಬೇಕು?

ಇದು ಶ್ರೀಮಂತರ ಶೋಕಿಯೇ?

"ತಿನ್ನೋದು ಕಮ್ಮಿ ಮಾಡ್ಲಿ, ಸೂಜಿ ಯಾಕೆ?" ಅಂತ ಮೂಗು ಮುರಿಯುವವರಿದ್ದಾರೆ. ತಿನ್ನುವುದು ಕಡಿಮೆ ಮಾಡಬೇಕು, ನಡೆಯಬೇಕು. ಅದನ್ನು ಯಾವ ಡಾಕ್ಟರೂ ಅಲ್ಲಗಳೆಯುವುದಿಲ್ಲ. ಆದರೆ ಬೊಜ್ಜು ಬರೀ ಬಾಯಿಚಪಲದ ಫಲವಲ್ಲ, ಅದೂ ಒಂದು ಕಾಯಿಲೆ ಎಂದು ವೈದ್ಯಶಾಸ್ತ್ರ ಒಪ್ಪಿ ವರ್ಷಗಳಾದವು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಹೆಂಗಸರು, ಅಷ್ಟೇ ಗಂಡಸರು ಇರಬೇಕಾದ್ದಕ್ಕಿಂತ ಹೆಚ್ಚು ತೂಕದವರು. ಇವರೆಲ್ಲ ಬಂಗಲೆಯಲ್ಲಿರುವವರೇನ್ರೀ?

ಔಷಧವೂ ಬರೀ ಜಾಹೀರಾತಿನ ಮಾಯೆಯಲ್ಲ. ವೆಗೋವಿಯ ಒಳಗಿರುವುದು ಸೆಮಾಗ್ಲುಟೈಡ್. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿದಿತ್ತು. ಮೌಂಜಾರೊದ ಒಳಗಿನ ಟಿರ್ಜೆಪಟೈಡ್ 2022ರ ಪ್ರಯೋಗದಲ್ಲಿ, ಅತಿ ದೊಡ್ಡ ಡೋಸಿನಲ್ಲಿ, ನೂರಕ್ಕೆ 20ನ್ನೂ ದಾಟಿಸಿತು. ವಾಕರಿಕೆ, ವಾಂತಿ, ಹೊಟ್ಟೆ ಕೆಡುವುದು ಇದ್ದದ್ದೇ. ಅದಕ್ಕೇ ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ.

ಆದರೆ ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಸೂಜಿ ನಿಲ್ಲಿಸಿದರೆ ತೂಕ ಮರಳಿ ಬರುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದೇ ವರ್ಷದಲ್ಲಿ, ಇಳಿದ ತೂಕದ ಮೂರರಲ್ಲೆರಡು ಪಾಲು ವಾಪಸು ಪಡೆದರು. ಅಂದರೆ ಇದು ಮೂರು ತಿಂಗಳ ಕೋರ್ಸಲ್ಲ. ಬಿ.ಪಿ. ಮಾತ್ರೆಯಂತೆ ವರ್ಷಾನುಗಟ್ಟಲೆ ನಡೆಯಬೇಕಾದ ಚಿಕಿತ್ಸೆ. ಒಡವೆ ಅಡವಿಟ್ಟು ನಾಲ್ಕು ತಿಂಗಳು ಚುಚ್ಚಿಸಿಕೊಂಡು, ಐದನೇ ತಿಂಗಳು ದುಡ್ಡಿಲ್ಲವೆಂದು ಬಿಟ್ಟರೆ ಒಡವೆಯೂ ಹೋಯಿತು, ಬೊಜ್ಜೂ ಬಂತು. ಆದ್ದರಿಂದಲೇ ಹಣ ಕೊಡುವವರು ಯಾರು ಎಂಬುದು ಇಲ್ಲಿ ಸಣ್ಣ ಪ್ರಶ್ನೆಯಲ್ಲ.

"ಇನ್ನಷ್ಟು ದಪ್ಪಗಾಗಿ ಬನ್ನಿ"

ಈ ದೇಶದ ಆರೋಗ್ಯ ವಿಮೆ ಹುಟ್ಟಿದ್ದೇ ಆಸ್ಪತ್ರೆಯ ಮಂಚದ ಸುತ್ತ. 24 ಗಂಟೆ ಮಲಗಿದರೆ ದುಡ್ಡು, ಅದಕ್ಕೆ ಮುಂಚಿನ ಸಾಮಾನ್ಯವಾಗಿ 30 ದಿನ, ನಂತರದ 60 ದಿನದ ಔಷಧಕ್ಕೂ ದುಡ್ಡು. ಮನೆಯಲ್ಲಿದ್ದು ಔಷಧ ತೆಗೆದುಕೊಂಡರೆ ಕೈಯಿಂದಲೇ ಖರ್ಚು. ಹೊರರೋಗಿ ಖರ್ಚಿಗೆ ಬೇರೆ ರೈಡರ್ ಮಾರುವವರಿದ್ದಾರೆ. ಅದಕ್ಕೂ ಮಿತಿ, ಮಿತಿಯೊಳಗೊಂದು ಮಿತಿ.

ಬೊಜ್ಜಿನ ವಿಷಯಕ್ಕೆ ಬಂದರೆ ತಮಾಷೆ ಇನ್ನೂ ದೊಡ್ಡದು. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪೆನಿಗಳಿಗೂ ಹೊಂದುವಂತೆ ರೂಪಿಸಿದ ಷರತ್ತುಗಳಲ್ಲಿ ಆರನೆಯದು ಬೊಜ್ಜಿಗೇ ಮೀಸಲು. ಬೊಜ್ಜಿನ ಆಪರೇಷನ್ನಿಗೆ ಹಣ ಸಿಗಬೇಕಾದರೆ ರೋಗಿಗೆ 18 ವರ್ಷ ತುಂಬಿರಬೇಕು, ಡಾಕ್ಟರ ಸಲಹೆ ಇರಬೇಕು, ಎತ್ತರಕ್ಕೆ ತೂಕದ ಅಳತೆಯಾದ ಬಿ.ಎಂ.ಐ. 40 ಇರಬೇಕು. ಇಲ್ಲವೇ 35 ಇದ್ದು, ಜೊತೆಗೆ ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇಂಥದ್ದೇನಾದರೂ ಇರಬೇಕು. ಅದಕ್ಕೂ ಮುಂಚೆ ಕೊಯ್ಯದೆ ತೂಕ ಇಳಿಸುವ ಸೌಮ್ಯ ದಾರಿಗಳೆಲ್ಲ ವಿಫಲವಾಗಿರಬೇಕು.

ಇದನ್ನು ಮೇಷ್ಟ್ರ ಹೆಂಡತಿಗೆ ಹಚ್ಚಿ ನೋಡಿ. ಐದಡಿ ಮೂರಂಗುಲ ಎತ್ತರ, 84 ಕಿಲೋ ತೂಕ. ಬಿ.ಎಂ.ಐ. ಸುಮಾರು 33. ಔಷಧ ಬರೆಯಲು ಡಾಕ್ಟರಿಗೆ ಅಷ್ಟು ಸಾಕು. 30 ದಾಟಿದವರಿಗೆ, ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ 27 ದಾಟಿದವರಿಗೂ ಇದು ಸಲ್ಲುತ್ತದೆ. ಆದರೆ ವಿಮೆಗೆ ಅದು ಸಾಲದು. ಆಕೆ 90 ಕಿಲೋ ಆಗಿ, ಸಕ್ಕರೆ ಕೈಮೀರಿದರೆ ಆಗ ಆಪರೇಷನ್ನಿನ ಮಾತು. ಸಕ್ಕರೆ ಹತೋಟಿಯಲ್ಲೇ ಉಳಿದು ಬೇರೆ ರೋಗವೂ ಅಂಟದಿದ್ದರೆ 102 ಕಿಲೋ ದಾಟುವ ತನಕ ಕಾಯಬೇಕು!

ವಿಮೆ ಹೇಳುತ್ತಿರುವುದು ಇಷ್ಟೇ: "ತಾಯೀ, ಇನ್ನಷ್ಟು ದಪ್ಪಗಾಗಿ ಬನ್ನಿ, ಆಗ ಹೊಟ್ಟೆ ಕೊಯ್ಯಲು ಲಕ್ಷಗಟ್ಟಲೆ ಕೊಡುತ್ತೇವೆ. ದಪ್ಪಗಾಗದ ಹಾಗೆ ನೋಡಿಕೊಳ್ಳಲು ಒಂದು ರೂಪಾಯಿಯೂ ಇಲ್ಲ." ಸೌಮ್ಯ ದಾರಿ ಸೋಲಲೇಬೇಕು ಎಂಬ ಷರತ್ತು ಹಾಕಿದವರು, ಆ ದಾರಿಯ ಖರ್ಚು ಯಾರದ್ದು ಎಂಬುದನ್ನು ಮಾತ್ರ ಬರೆಯಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರುವ ವರೆಗೆ ಕಾಯಬೇಕೆನ್ನುವುದು ಯಾವ ನ್ಯಾಯ?

ಸರ್ಕಾರದ ಯೋಜನೆಗಳೂ ಇದಕ್ಕಿಂತ ದೂರವಿಲ್ಲ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷೆ ಕೊಡುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ, ಸಹಕಾರಿಗಳ ಯಶಸ್ವಿನಿ, ಎರಡರಿಂದಲೂ ಜೀವ ಉಳಿದವರು ಬೇಕಾದಷ್ಟಿದ್ದಾರೆ. ಅದಕ್ಕೆ ಕೈಮುಗಿಯಬೇಕು. ಆದರೆ ಅವೂ ಆಸ್ಪತ್ರೆಯ ಚಿಕಿತ್ಸೆಗೆ. ಮೆಡಿಕಲ್ ಶಾಪಿನಲ್ಲಿ ವಾರವಾರ ಕೊಳ್ಳುವ ಸೂಜಿಗಲ್ಲ. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ. ಪೂರಾ ಹೋಯಿತು. ಕಂತು ಹಗುರಾಯಿತು ನಿಜ, ಕಂತಿಗೆ ಸಿಗುವುದು ಹೆಚ್ಚಲಿಲ್ಲ.

ಅಮೆರಿಕದಲ್ಲೂ ಅದೇ ರಾಗ

ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಫೋನಿನಲ್ಲಿ "ಇಲ್ಲಿ ಇನ್ಶೂರೆನ್ಸ್ ಎಲ್ಲಾ ಕೊಡುತ್ತಮ್ಮಾ" ಅಂದರೆ ಪೂರ್ತಿ ನಂಬಬೇಕಿಲ್ಲ. ಕೆಲಸ ಕೊಟ್ಟ ಕಂಪೆನಿಯ ವಿಮೆ ಈ ಔಷಧವನ್ನು ಒಪ್ಪಿದ್ದರೆ ಸಣ್ಣ ಪಾಲು ಕೊಟ್ಟರೆ ಸಾಕು. ಒಪ್ಪದಿದ್ದರೆ ವೆಗೋವಿಯ ಪಟ್ಟಿ ಬೆಲೆ 2025ರಲ್ಲಿ ತಿಂಗಳಿಗೆ 1,349 ಡಾಲರ್. ಅದೇ ನವೆಂಬರಿನಲ್ಲಿ ಕೈಯಿಂದ ಕೊಡುವವರಿಗೆ 349 ಡಾಲರಿಗೆ ಇಳಿಸಿದರು. ಅಲ್ಲಿನ ವೃದ್ಧರ ಸರ್ಕಾರಿ ವಿಮೆ ಮೆಡಿಕೇರಿನ ಔಷಧ ಯೋಜನೆಗೆ 2003ರಲ್ಲಿ ಕಾನೂನು ಮಾಡುವಾಗಲೇ ತೂಕ ಇಳಿಸುವ ಔಷಧವನ್ನು ಹೊರಗಿಟ್ಟಿದ್ದರು. 2025ರಲ್ಲಿ ಅದೇ ಸೆಮಾಗ್ಲುಟೈಡ್ ಸಕ್ಕರೆ ಕಾಯಿಲೆಗೆಂದು ಬರೆದರೆ ಹಣ ಸಿಗುತ್ತಿತ್ತು, ಬೊಜ್ಜಿಗೆಂದು ಬರೆದರೆ ಇಲ್ಲ. ಔಷಧ ಒಂದೇ, ಚೀಟಿಯ ಮೇಲಿನ ಕಾಯಿಲೆಯ ಹೆಸರು ಬೇರೆ! ಬೊಜ್ಜನ್ನು ಕಾಯಿಲೆಯೆಂದು ಒಪ್ಪಲು ಹಣ ಕೊಡುವವರು ಎಲ್ಲ ದೇಶದಲ್ಲೂ ಮೀನಾಮೇಷ ಎಣಿಸುತ್ತಾರೆ.

ಕಂಪೆನಿಗಳ ವಾದಕ್ಕೂ ಕಿವಿ ಕೊಡೋಣವೆಂದರೆ...

ವಿಮೆಯವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಮದುವೆಗೆ ಮುಂಚೆ ಐದು ಕಿಲೋ ಇಳಿಸಬೇಕೆನ್ನುವವರೆಲ್ಲ ಕ್ಲೇಮು ಹಾಕಿದರೆ ಎಲ್ಲರ ಕಂತೂ ಏರುತ್ತದೆ, ಆರೋಗ್ಯವಂತರು ದಪ್ಪಗಿರುವವರ ಸಾಲ ತೀರಿಸಬೇಕಾಗುತ್ತದೆ ಅಂತಾರೆ. ಸರಿ. ಹಾಗಾದರೆ ಬಾಗಿಲು ಪೂರ್ತಿ ಮುಚ್ಚುವ ಬದಲು ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಲಿ. ಆಪರೇಷನ್ನಿಗೆ ಷರತ್ತು ಬರೆಯಲು ಬಂದವರಿಗೆ ಸೂಜಿಗೆ ಬರೆಯಲು ಬಾರದೇ? ಇಷ್ಟು ಬಿ.ಎಂ.ಐ., ಇಂಥ ಕಾಯಿಲೆ, ಇಂಥ ಡಾಕ್ಟರ ಚೀಟಿ, ಆರು ತಿಂಗಳಿಗೊಮ್ಮೆ ತೂಕ ನೋಡಿ ಮುಂದುವರಿಕೆ, ಖರ್ಚಿನಲ್ಲಿ ರೋಗಿಯದೂ ಒಂದು ಪಾಲು. ಇಂದು ಸೂಜಿಗೆ ಕೊಡದ ದುಡ್ಡನ್ನು ನಾಳೆ ಹೃದಯದ ಸ್ಟೆಂಟಿಗೆ, ಮಂಡಿ ಬದಲಾವಣೆಗೆ, ಡಯಾಲಿಸಿಸ್ಸಿಗೆ ಇದೇ ಕಂಪೆನಿಗಳು ಎಣಿಸಬೇಕಲ್ಲ!

ಬೆಲೆ ಇಳಿಯುವ ದಾರಿಯೂ ಇದೆ. ಸೆಮಾಗ್ಲುಟೈಡಿನ ಮೇಲಿನ ಪೇಟೆಂಟಿನ ಅವಧಿ ಭಾರತದಲ್ಲಿ 2026ರ ಮಾರ್ಚಿಗೆ ಕೊನೆ. ಇದೇ ಜಾತಿಯ ಹಳೆಯ ಔಷಧ ಲಿರಾಗ್ಲುಟೈಡನ್ನು 2024ರ ಜನವರಿಯಲ್ಲಿ ಗ್ಲೆನ್‌ಮಾರ್ಕ್ ಕಂಪೆನಿ ಇಲ್ಲೇ ಮಾರುಕಟ್ಟೆಗೆ ತಂದಾಗ, ಸಕ್ಕರೆ ಕಾಯಿಲೆಯವರಿಗೆ ದಿನದ ಖರ್ಚು ಸುಮಾರು 100 ರೂಪಾಯಿಗೆ ಬಂತು. ಮೊದಲಿನದಕ್ಕಿಂತ ಸುಮಾರು ನೂರಕ್ಕೆ 70ರಷ್ಟು ಅಗ್ಗ. ಸ್ಪರ್ಧೆಯ ಶಕ್ತಿ ಅಂದರೆ ಅದು. ಟಿರ್ಜೆಪಟೈಡಿಗೆ ಆ ದಿನ ಇನ್ನೂ ದೂರ.

ಆದರೆ ಬೆಲೆ ಎಷ್ಟೇ ಇಳಿದರೂ ವಿಮೆಯ ಷರತ್ತು ತಾನಾಗಿ ಬದಲಾಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧಗಳನ್ನು, ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಎರಡರ ಜೊತೆಗೆ ಹೃದ್ರೋಗ ಅಥವಾ ಮೂತ್ರಪಿಂಡದ ತೊಂದರೆಯೂ ಇರುವವರಿಗಾಗಿ, ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಗತ್ಯ ಅಂತ ಜಗತ್ತೇ ಒಪ್ಪಿದ ಮೇಲೆ ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಸಗಟಿನಲ್ಲಿ ಚೌಕಾಸಿ ಮಾಡಿ ಕೊಂಡು, ಅಂಥ ರೋಗಿಗಳಿಗಾದರೂ ಜಿಲ್ಲಾ ಆಸ್ಪತ್ರೆಯಲ್ಲಿ ಕೊಡಲು ಅಡ್ಡಿಯೇನು? ಒಬ್ಬ ಮೇಷ್ಟ್ರು ಚೌಕಾಸಿ ಮಾಡಿದರೆ ಅಂಗಡಿಯವನು ನಗುತ್ತಾನೆ. ಸರ್ಕಾರ ಮಾಡಿದರೆ ಕಂಪೆನಿ ಕುರ್ಚಿ ಹಾಕುತ್ತದೆ.

ಅಲ್ಲಿಯ ತನಕ ಜನರಿಗೊಂದು ಮಾತು. ಪಾಲಿಸಿ ತೆಗೆದುಕೊಳ್ಳುವಾಗ ಏಜೆಂಟನ ಬಾಯಿಮಾತು ನಂಬಬೇಡಿ. ತೂಕದ ಔಷಧಕ್ಕೆ ಹಣ ಉಂಟೋ ಇಲ್ಲವೋ ಕಂಪೆನಿಯಿಂದ ಬರಹದಲ್ಲಿ ಕೇಳಿ. ಮೊದಲ ಸೂಜಿಗೆ ದುಡ್ಡು ಹೊಂದಿಸುವ ಮುಂಚೆ ಡಾಕ್ಟರ ಹತ್ತಿರ ಕೂತು ಒಂದು ವರ್ಷದ ಲೆಕ್ಕ ಹಾಕಿ. ಬಿಲ್ಲಿಲ್ಲದೆ, ಬ್ಯಾಚ್ ನಂಬರಿಲ್ಲದೆ "ಅರ್ಧ ರೇಟಿಗೆ ಕೊಡಿಸ್ತೀನಿ" ಅನ್ನುವವನ ಕೈಯಿಂದ ಕೊಳ್ಳಬೇಡಿ. ನಕಲಿ ಸೆಮಾಗ್ಲುಟೈಡ್ ಬಗ್ಗೆ 2024ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಇದು ಫ್ರಿಜ್ಜಿನಲ್ಲಿಡಬೇಕಾದ ಔಷಧ. ಬಿಸಿಲಲ್ಲಿ ಬ್ಯಾಗಿನಲ್ಲಿ ತಿರುಗಿದ್ದು ಮೈಗೆ ಹೋಗಬಾರದು.

ಮೇಷ್ಟ್ರು ಕೌಂಟರಿನಿಂದ ಇಳಿದು ಮನೆ ದಾರಿ ಹಿಡಿದರು. ಚೀಟಿ ಜೇಬಿನಲ್ಲೇ ಇದೆ, ಕಾರ್ಡೂ ಇದೆ. ಮುಂದಿನ ವರ್ಷದ ಕಂತು ಕಟ್ಟಲು ಫೋನು ಬಂದೇ ಬರುತ್ತದೆ, ಕಟ್ಟಿಯೂ ಕಟ್ಟುತ್ತಾರೆ. ಹೆಂಡತಿಯ ತೂಕ 84ರಿಂದ 90ಕ್ಕೆ ಏರುವುದನ್ನು ಕಾಯುತ್ತಾ ಕೂರುವ ವಿಮೆ ಯಾರ ರಕ್ಷಣೆಗೆ ಇದೆ ಎಂಬುದನ್ನು ನಿಯಂತ್ರಣ ಪ್ರಾಧಿಕಾರದವರು ಈ ಜಿಲ್ಲೆಯ ಯಾವ ಮೇಷ್ಟ್ರಿಗಾದರೂ ಒಮ್ಮೆ ಬಂದು ಬಿಡಿಸಿ ಹೇಳಲಿ.